ಹಾರ್ಲನ್ ಜೂನಿಯರ್ ಅವರ ಉಪನ್ಯಾಸ

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಅಮೆರಿಕದ ಮಿಲ್ಪಿಟಾಸಿನ ಕನ್ನಡಿಗ ಗಂಡಸರಲ್ಲಿ ಇಂಜಿನಿಯರ್ ಅಲ್ಲದವರು ಇಬ್ಬರೇ ಇದ್ದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬ ವ್ಯಾಸರಾಜ. ಡಾಕ್ಟರಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಮೈಸೂರಿನಲ್ಲಿ ಬಿ.ಕಾಂ. ಮಾಡಿ ಬಂದಿದ್ದ ವ್ಯಾಸರಾಜನಿಗೆ. ಪವರ್ ಸಪ್ಲೈ ತಯಾರಿಸುವ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಕೂತು, ಸ್ಕ್ರೂ, ವೈರು, ಕೆಪಾಸಿಟರುಗಳು ಹೇಳಿದ ದಿನಕ್ಕೆ ಯಾಕೆ ಬರಲಿಲ್ಲವೆಂದು ದಿನವಿಡೀ ಫೋನಿನಲ್ಲಿ ಜಗಳಾಡುವುದು ಅವನ ಕೆಲಸ. ಯಾರದಾದರೂ ಮನೆಯ ಊಟಕ್ಕೆ ಸೇರಿದಾಗ ಉಳಿದವರೆಲ್ಲ ಚಿಪ್ಪು, ಡಿಸ್ಕು, ಮೆಮೊರಿ ಎಂದು ಮಾತಾಡುತ್ತಿದ್ದರೆ ಅವನು ಹಪ್ಪಳ ಮುರಿಯುತ್ತ ಕೂತಿರುತ್ತಿದ್ದ. ಹಪ್ಪಳ ಮುರಿಯುವುದಕ್ಕೆ ಬಿ.ಕಾಂ. ಸಾಕು.

ಇಂಥವನು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಗೆಳೆಯ ಜಯರಾಮನ ಜೊತೆ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಸಂತೆಗೆ ಹೋದ. ಕಾಲೇಜೊಂದರ ಪಾರ್ಕಿಂಗ್ ಲಾಟಿನಲ್ಲಿ ತಿಂಗಳಿಗೊಮ್ಮೆ ಸೇರುವ ಸಂತೆ ಅದು. ಮಂಡ್ಯದ ಜಯರಾಮ್ ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರು. ವ್ಯಾಸರಾಜ ಹೋದದ್ದು ಅಗ್ಗದಲ್ಲಿ ಒಂದು ವಿಸಿಆರ್ ತರಲು. ಆದರೆ ಜಯರಾಮ್ ಒಂದು ಟೇಬಲ್ಲಿನ ಮುಂದೆ ನಿಂತುಬಿಟ್ಟ. ಅಲ್ಲಿ ಕಪ್ಪು ಬಣ್ಣದ, ಹಂಸದ ಕತ್ತಿನ ಹಾಗೆ ಬಾಗಿದ, ಬಾಯಿ ಅಗಲವಾದ ತಗಡಿನ ತುತ್ತೂರಿಯೊಂದು ನಿಂತಿತ್ತು.

"ಇದೇನ್ ಗುರು? ಗ್ರಾಮಫೋನಾ?" ಎಂದ ಜಯರಾಮ್.

ವ್ಯಾಸರಾಜನಿಗೂ ಗೊತ್ತಿರಲಿಲ್ಲ. ಆದರೆ ಅವನು ನಿಂತ ಕಡೆಯಿಂದ ಅದರ ಬುಡಕ್ಕೆ ಕಟ್ಟಿದ್ದ ಚೀಟಿ ಕಾಣುತ್ತಿತ್ತು, ಜಯರಾಮನಿಗೆ ಕಾಣುತ್ತಿರಲಿಲ್ಲ. ಒಬ್ಬ ಇಂಜಿನಿಯರು ತನ್ನನ್ನು ಪ್ರಶ್ನೆ ಕೇಳಿದ್ದು ಅಮೆರಿಕಕ್ಕೆ ಬಂದ ಆರು ವರ್ಷದಲ್ಲಿ ಅದೇ ಮೊದಲು.

"ಗ್ರಾಮಫೋನಲ್ಲಪ್ಪ. ಲೌಡ್‌ಸ್ಪೀಕರು. ರೇಡಿಯೊ ಮನೆಗೆ ಬಂದ ಹೊಸದರಲ್ಲಿ ಇಡ್ತಿದ್ದದ್ದು. ಸಾವಿರದ ಒಂಬೈನೂರ ಇಪ್ಪತ್ನಾಲ್ಕು" ಎಂದ, ಚೀಟಿಯಲ್ಲಿದ್ದಷ್ಟನ್ನೂ.

ಇಸವಿಯ ಸಮೇತ ಹೇಳಿದ ಮೇಲೆ ಅದನ್ನು ಕೊಳ್ಳದೆ ಬರುವುದು ಹೇಗೆ? ವಿಸಿಆರ್ ಅಲ್ಲೇ ಉಳಿಯಿತು; ತುತ್ತೂರಿ ಮನೆಗೆ ಬಂತು. ಹೆಂಡತಿ ಪದ್ಮಜಾ ಅದನ್ನು ಒಂದು ಸುತ್ತು ಬಂದು ನೋಡಿ, "ಹಾಲಿನಲ್ಲಿ ಇಡಕೂಡದು" ಎಂದಷ್ಟೇ ಹೇಳಿದಳು. ಹಾಗಾಗಿ ಅದು ಕೋಟು, ಕೊಡೆಗಳನ್ನಿಡುವ ಕ್ಲಾಸೆಟ್ಟಿನಲ್ಲಿ ನಿಂತಿತು.

ಜಯರಾಮ್ ಸಿಕ್ಕಿದವರಿಗೆಲ್ಲ ಸುದ್ದಿ ಹರಡಿದ: "ನಮ್ ವ್ಯಾಸರಾಜ ಸ್ಪೀಕರ್ ವಿಷಯದಲ್ಲಿ ಭಾರಿ ತಿಳ್ಕೊಂಡವ್ನೆ ಕಣ್ರೀ." ಜನ ಬಂದು ಕೇಳತೊಡಗಿದರು. ಮರ್ಯಾದೆ ಉಳಿಸಿಕೊಳ್ಳಲು ವ್ಯಾಸರಾಜ ಲೈಬ್ರರಿಯಿಂದ ಒಂದು ಪುಸ್ತಕ ತಂದ. ಮೂರನೆಯ ಪುಟ ಮುಗಿಯುವಷ್ಟರಲ್ಲಿ ಬೇರೆ ಯಾರೋ ಅದನ್ನು ಕಾದಿರಿಸಿದ್ದಾರೆ, ವಾಪಸು ಕೊಡಿ ಎಂದು ಲೈಬ್ರರಿಯಿಂದ ಪತ್ರ ಬಂತು. ಹೀಗೆ ಅವನ ಜ್ಞಾನ ಮೂರು ಪುಟಕ್ಕೆ ನಿಂತಿತು. ಮೊದಲು ರೇಡಿಯೊ ಕೇಳಲು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬೇಕಿತ್ತು. ಒಬ್ಬರು ಕೇಳಿದರೆ ಮನೆಯ ಉಳಿದವರು ಅವರ ಮುಖ ನೋಡುತ್ತ ಕೂರಬೇಕಿತ್ತು. ಕಡೆಗೆ ಯಾರಿಗೋ ಹೆಡ್‌ಫೋನನ್ನು ಪಾತ್ರೆಯೊಳಗೆ ಇಟ್ಟರೆ ಸದ್ದು ದೊಡ್ಡದಾಗುವುದು ತಿಳಿಯಿತು. ಆಮೇಲೆ ಹೆಡ್‌ಫೋನಿನಂಥದ್ದೇ ಒಂದು ಡಬ್ಬಿಗೆ ತುತ್ತೂರಿ ಸಿಕ್ಕಿಸಿದರು; ಮನೆಮಂದಿಯೆಲ್ಲ ಒಟ್ಟಿಗೆ ಕೇಳುವಂತಾಯಿತು. ಇಷ್ಟು ಹೇಳಿ ವ್ಯಾಸರಾಜ ಕಾಫಿಯ ಕಡೆಗೆ ಮಾತು ತಿರುಗಿಸುತ್ತಿದ್ದ. ಅವನ ಮಟ್ಟಿಗೆ ಪ್ರಪಂಚದ ಇತಿಹಾಸ ಸಾವಿರದ ಒಂಬೈನೂರ ಇಪ್ಪತ್ನಾಲ್ಕಕ್ಕೆ ಮುಗಿದಿತ್ತು.

ಈ ವಿದ್ವತ್ತಿಗೆ ಮಾರುಹೋಗದವರು ಒಬ್ಬರೇ, ಅವನ ಮಾವ ಆನಂದತೀರ್ಥ ರಾಯರು. ಅರವತ್ಮೂರು ವರ್ಷದ ರಾಯರು ಮೈಸೂರು ರೇಡಿಯೊ ಸ್ಟೇಷನ್ನಿನ ನಿವೃತ್ತ ಇಂಜಿನಿಯರ್ ಎಂದೇ ಎಲ್ಲರಿಗೂ ಪರಿಚಿತರು. ಮಗಳ ಮನೆಗೆಂದು ಬಂದು ಮೂರು ವಾರವಾಗಿತ್ತು. ವಿಮಾನದಲ್ಲಿ ಕೂತೇ ನಿದ್ದೆ ಮಾಡಿ ಕತ್ತು ಉಳುಕಿತ್ತು. ಡಾಕ್ಟರೊಬ್ಬರು ಬಿಳಿಯ ದಪ್ಪ ಪಟ್ಟಿ ಸುತ್ತಿದ್ದರು. ಯಾರನ್ನಾದರೂ ನೋಡಬೇಕೆಂದರೆ ಅವರು ಇಡೀ ಮೈ ತಿರುಗಿಸಬೇಕಾಗಿತ್ತು. ಹಾಗೆ ನಿಧಾನವಾಗಿ ತಿರುಗಿ ನೋಡಿದಾಗ ಎದುರಿಗಿದ್ದವರಿಗೆ ತಾವೇನೋ ತಪ್ಪು ಮಾಡಿದ್ದೇವೆ ಅನ್ನಿಸುತ್ತಿತ್ತು.

"ಅಳಿಯಂದಿರೇ, ಇದು ಮಾತಾಡುತ್ತೋ?" ಎಂದು ರಾಯರು ಒಂದು ದಿನ ಕ್ಲಾಸೆಟ್ಟಿನ ಮುಂದೆ ನಿಂತು ಕೇಳಿದರು.

"ಆಂಟೀಕ್ ಅಲ್ವೇ ಮಾವ? ನೋಡೋದಕ್ಕೆ ಇರೋದು."

"ಸ್ಪೀಕರ್ ಅನ್ನೋದನ್ನ ನೋಡೋದಕ್ಕೆ ಮಾಡಿದ್ದು ಅಂತ ಇವತ್ತೇ ಕೇಳಿದ್ದು" ಎಂದು ರಾಯರು ಮತ್ತೆ ಇಡೀ ಮೈ ತಿರುಗಿಸಿಕೊಂಡು ಹೋದರು.

ಅದೇ ವಾರ ಮಿಸೆಸ್ ಅಬರ್ನಾಥಿ ಫೋನ್ ಮಾಡಿದರು. ಜಯರಾಮನ ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಈ ಹಿರಿಯ ಮಹಿಳೆ ಮೆನ್ಲೋ ಪಾರ್ಕಿನ ಹಳೆಯ ರೇಡಿಯೊ ಪ್ರೇಮಿಗಳ ಸಂಘಕ್ಕೆ ಕಾರ್ಯದರ್ಶಿ. ಶನಿವಾರದ ಸಭೆಗೆ ಭಾಷಣಕಾರರು ಸಿಕ್ಕದೆ ಪೇಚಾಡುತ್ತಿದ್ದಾಗ ಜಯರಾಮ್ ನಂಬರು ಕೊಟ್ಟಿದ್ದ.

ಇಲ್ಲಿ ಎರಡು ವಿಷಯ ಹೇಳಬೇಕು. ಇಂಗ್ಲಿಷಿನಲ್ಲಿ ಭಾಷಣ ಮಾಡುವವರೂ ಸ್ಪೀಕರೇ, ಧ್ವನಿವರ್ಧಕವೂ ಸ್ಪೀಕರೇ. ಇದು ಇಂಗ್ಲಿಷಿನ ತಪ್ಪು. ಎರಡನೆಯದು ವ್ಯಾಸರಾಜನ ತಪ್ಪು. ಇಂಗ್ಲಿಷ್ ಮಾತಾಡುವಾಗ ಅವನು ತನಗೆ ಪ್ರಿಯವಾದ ವಸ್ತುಗಳನ್ನೆಲ್ಲ ಗಂಡಸಾಗಿ ಮಾಡಿಬಿಡುತ್ತಿದ್ದ. ಅವನ ಕಾರು 'ಹಿ', ಪ್ರೆಷರ್ ಕುಕ್ಕರು 'ಹಿ', ಈಗ ತುತ್ತೂರಿಯೂ 'ಹಿ'.

"ಶನಿವಾರ ಮಧ್ಯಾಹ್ನ ನಮಗೆ ಸ್ಪೀಕರ್ ಬೇಕಾಗಿದೆ. ಒಂದು ಗಂಟೆ ಸಾಕು" ಎಂದರು ಮಿಸೆಸ್ ಅಬರ್ನಾಥಿ.

"ಒಂದೇನು, ಎರಡು ಗಂಟೆ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲೇ ಇದ್ದಾನೆ."

"ಮನೆಯಲ್ಲೇ? ಎಷ್ಟು ಅನುಕೂಲ! ಹೆಸರು?"

ವ್ಯಾಸರಾಜ ತುತ್ತೂರಿಯ ಬುಡದ ಮೇಲೆ ಕೆತ್ತಿದ್ದ ಕಂಪನಿಯ ಹೆಸರನ್ನು ನೆನಪು ಮಾಡಿಕೊಂಡ. "ಹಾರ್ಲನ್ ಜೂನಿಯರ್."

"ರೇಡಿಯೊ ಶುರುವಾದ ಕಾಲದ ಪರಿಚಯ ಉಂಟೋ?"

"ಆ ಕಾಲದವನೇ. ಅರವತ್ತು ದಾಟಿದೆ. ಕತ್ತು ಸ್ವಲ್ಪ ಸೊಟ್ಟ. ನಾನೇ ಕಾರಿನಲ್ಲಿ ತರುತ್ತೇನೆ. ಆದರೆ ಅಲ್ಲಿ ಯಾರೂ ಕತ್ತು ಹಿಡಿದು ಎತ್ತಬಾರದು."

"ಇಲ್ಲ, ಇಲ್ಲ. ನಮ್ಮ ಸಂಘದಲ್ಲಿ ಅಂಥವರಿಲ್ಲ. ಮೇಜಿನ ಮೇಲೆ ನೀರು ಇಟ್ಟರೆ ಸಾಕೇ?"

"ಅಯ್ಯೋ, ನೀರು ಮಾತ್ರ ಬೇಡ. ಹಾಳಾಗಿ ಹೋಗ್ತಾನೆ."

ಮಿಸೆಸ್ ಅಬರ್ನಾಥಿ ಗಂಭೀರವಾಗಿ "ಅರ್ಥವಾಯಿತು" ಎಂದರು. ಏನು ಅರ್ಥವಾಯಿತೋ ಅವರಿಗೇ ಗೊತ್ತು. ಮರುದಿನ ಅವರು ಹಂಚಿದ ಕರಪತ್ರದಲ್ಲಿ ಮಾತ್ರ 'ಮನೆ ರೇಡಿಯೊಗಳ ಲೌಡ್‌ಸ್ಪೀಕರುಗಳ ಆರಂಭದ ದಿನಗಳು: ಉಪನ್ಯಾಸ, ಶ್ರೀ ಹಾರ್ಲನ್ ಜೂನಿಯರ್' ಎಂದು ಅಚ್ಚಾಗಿತ್ತು.

ವ್ಯಾಸರಾಜ ಫೋನ್ ಇಟ್ಟು, ಎಲ್ಲರಿಗೂ ಕೇಳುವಂತೆ, "ಅಮೆರಿಕದವರು ನನ್ನ ಸ್ಪೀಕರನ್ನ ಕೇಳಿ ತರಿಸ್ಕೊಳ್ತಿದ್ದಾರೆ. ಮಾವ, ನೀವೂ ಬನ್ನಿ" ಎಂದ. ತಗಡನ್ನು ಎರವಲು ಕೊಡುವುದು ದೊಡ್ಡ ಸಾಧನೆಯೇನಲ್ಲ. ಆದರೆ ನಾಲ್ಕು ಜನ ಬಿಳಿಯರು ತನಗೆ ಥ್ಯಾಂಕ್ ಯೂ ಅನ್ನುವುದನ್ನು ಮಾವ ಒಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ ಅವನದು. ಮದುವೆಯ ಮಾತುಕತೆಯ ದಿನ ರಾಯರು ಕೇಳಿದ್ದ "ಹುಡುಗ ಎಲೆಕ್ಟ್ರಾನಿಕ್ಸ್ ಕಂಪನೀಲಿ ಇದಾನೆ, ಸರಿ, ಎಲೆಕ್ಟ್ರಾನಿಕ್ಸ್ ಗೊತ್ತೋ?" ಎಂಬ ಪ್ರಶ್ನೆ ಐದು ವರ್ಷದಿಂದ ಅವನ ಹೊಟ್ಟೆಯಲ್ಲಿ ಜೀರ್ಣವಾಗದೆ ಕೂತಿತ್ತು.

"ಬರ್ತೀನಿ. ಇಲ್ಲಿ ಕೂತು ಮಾಡೋದೇನಿದೆ?" ಎಂದರು ರಾಯರು.

ಶನಿವಾರ ಎರಡು ಗಂಟೆಗೆ ಸಭಾಂಗಣದ ಬಾಗಿಲಲ್ಲಿ ಮಿಸೆಸ್ ಅಬರ್ನಾಥಿ ಕಾಯುತ್ತಿದ್ದರು. ಅರವತ್ತು ದಾಟಿದ, ಕತ್ತಿಗೆ ಪಟ್ಟಿ ಸುತ್ತಿದ, ಕರಿಯ ಕೋಟಿನ ರಾಯರು ಮುಂದೆ ಬರುತ್ತಿದ್ದರು. ಹಿಂದೆ ತುತ್ತೂರಿ ಹೊತ್ತ ವ್ಯಾಸರಾಜ. ಆಕೆಗೆ ಸಂಶಯಕ್ಕೆ ಎಡೆಯೇ ಇರಲಿಲ್ಲ.

"ಮಿಸ್ಟರ್ ಜೂನಿಯರ್! ನಿಮ್ಮ ಕತ್ತು ಹೇಗಿದೆ?"

ರಾಯರಿಗೆ ಅಮೆರಿಕದ ಉಚ್ಚಾರಣೆಯಲ್ಲಿ 'ಕತ್ತು' ಒಂದೇ ತಿಳಿಯಿತು. "ಬೆಟರ್, ಬೆಟರ್. ಥ್ಯಾಂಕ್ ಯೂ" ಎಂದರು. ಮಿಸೆಸ್ ಅಬರ್ನಾಥಿ ಅವರನ್ನು, ಕತ್ತಿನ ಹತ್ತಿರ ಯಾರ ಕೈಯೂ ಬಾರದಂತೆ ಎಚ್ಚರಿಕೆಯಿಂದ, ವೇದಿಕೆಗೆ ಕರೆದೊಯ್ದು ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಮುಂದಿನ ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ತಾವೇ ಎತ್ತಿ ದೂರ ಇಟ್ಟರು.

ಹಿರಿಯರನ್ನು ಎಷ್ಟು ಗೌರವದಿಂದ ಕಾಣುತ್ತಾರೆ ಎಂದು ವ್ಯಾಸರಾಜನಿಗೆ ಸಂತೋಷವಾಯಿತು. ತುತ್ತೂರಿಯನ್ನು ಮೇಜಿನ ಮೇಲಿಟ್ಟು ಕೆಳಗೆ ಬಂದು ಮೊದಲ ಸಾಲಿನಲ್ಲಿ ಕೂತ. ಸುಮಾರು ನಲವತ್ತು ಜನ ಸೇರಿದ್ದರು. ಎಲ್ಲರೂ ತಲೆ ನೆರೆತವರು. ಪಕ್ಕದಲ್ಲಿ ಕೆಂಪು ಸ್ವೆಟರಿನ ಮುದುಕರೊಬ್ಬರು ವೇದಿಕೆಯ ಕಡೆ ಗಲ್ಲ ತೋರಿಸಿ, "ಸ್ಪೀಕರ್ ಬಹಳ ಗಂಭೀರವಾಗಿ ಕಾಣುತ್ತಾರೆ" ಎಂದರು.

"ನನ್ನವನೇ" ಎಂದ ವ್ಯಾಸರಾಜ ಹೆಮ್ಮೆಯಿಂದ. "ಸಂತೆಯಲ್ಲಿ ಸಿಕ್ಕಿದ. ಹನ್ನೆರಡು ಡಾಲರಿಗೆ ಕೊಂಡೆ."

ಮುದುಕರು ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡರು.

"ಮನೆಯಲ್ಲಿ ಕ್ಲಾಸೆಟ್ಟಿನಲ್ಲಿ ಇಟ್ಟಿದ್ದೇನೆ. ಹಾಲಿನಲ್ಲಿ ಕೂರಿಸಿದರೆ ನನ್ನ ಹೆಂಡತಿಗೆ ಆಗುವುದಿಲ್ಲ. ವಾರಕ್ಕೊಂದು ಸಲ ಹೊರಗೆ ತೆಗೆದು ಧೂಳು ಒರೆಸುತ್ತೇನೆ."

ಮುದುಕರು ಎದ್ದು, ಕುರ್ಚಿಯ ಸಾಲು ದಾಟಿ, ಮಿಸೆಸ್ ಅಬರ್ನಾಥಿಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡರು. ನೇರವಾಗಿ ರಾಯರ ಬಳಿ ಹೋಗಿ ಬಗ್ಗಿ, ಒಂದೊಂದೇ ಪದವನ್ನು ಬಿಡಿಸಿ ಕೇಳಿದರು. "ನಿಮ್ಮನ್ನು... ಮನೆಯಲ್ಲಿ... ಕ್ಲಾಸೆಟ್ಟಿನಲ್ಲಿ ಇಡುತ್ತಾರೆಯೇ?"

ಮೈಸೂರಿನಲ್ಲಿ ಕ್ಲಾಸೆಟ್ ಎಂದರೆ ಕಕ್ಕಸು, ಬೇರೆ ಅರ್ಥ ಇಲ್ಲ. ವಿದೇಶಿ ಮಹಿಳೆ ಇಷ್ಟು ಜನರೆದುರಿಗೆ ಇಂಥ ವಿಷಯ ಎತ್ತಿದ್ದು ರಾಯರಿಗೆ ವಿಚಿತ್ರವೆನಿಸಿತು. ಆದರೂ ಮಗಳ ಮನೆಯ ಮಾನ ಕಾಪಾಡಬೇಕಲ್ಲ.

"ಕ್ಲಾಸೆಟ್ ಈಸ್ ವೆರಿ ಗುಡ್" ಎಂದರು. "ವೆರಿ ಕ್ಲೀನ್. ಎವೆರಿ ಮಾರ್ನಿಂಗ್ ಹಾಫ್ ಆನ್ ಅವರ್. ನೋ ಕಂಪ್ಲೇಂಟ್."

"ಪ್ರತಿದಿನ ಬೆಳಿಗ್ಗೆ!" ಎಂದರು ಮಿಸೆಸ್ ಅಬರ್ನಾಥಿ. "ಬಾಗಿಲು ಹಾಕಿ?"

"ಆಫ್ ಕೋರ್ಸ್!" ಎಂದರು ರಾಯರು, ಸ್ವಲ್ಪ ಬಿಗಿಯಾಗಿ.

ಈಗ ಇಡೀ ಸಭೆ ವ್ಯಾಸರಾಜನ ಕಡೆ ತಿರುಗಿ ನೋಡತೊಡಗಿತು. ಮೂರನೆಯ ಸಾಲಿನಿಂದ ಎತ್ತರದ ಹೆಂಗಸೊಬ್ಬರು ಎದ್ದು, ತಾವು ಕೌಂಟಿಯಲ್ಲಿ, ಅಂದರೆ ಜಿಲ್ಲಾಡಳಿತದಲ್ಲಿ, ವೃದ್ಧರ ಯೋಗಕ್ಷೇಮದ ಅಧಿಕಾರಿಯಾಗಿ ಇಪ್ಪತ್ತೆರಡು ವರ್ಷ ದುಡಿದವರೆಂದು ಹೇಳಿ, ಕೈಚೀಲದಿಂದ ಪೆನ್ನು ತೆಗೆದರು. "ಸರ್, ಈ ಹಿರಿಯರನ್ನು ನೀವು ಯಾರಿಂದ ಕೊಂಡಿರಿ?"

"ಹಿರಿಯರನ್ನೇ?" ಎಂದ ವ್ಯಾಸರಾಜ. "ನಾನು ಕೊಂಡದ್ದು ಸ್ಪೀಕರನ್ನು!"

"ನಾವು ಕೇಳುತ್ತಿರುವುದೂ ಅದನ್ನೇ" ಎಂದರು ಅಧಿಕಾರಿಣಿ.

ವ್ಯಾಸರಾಜ ಓಡಿ ಹೋಗಿ ತುತ್ತೂರಿಯನ್ನು ಎರಡು ಕೈಯಲ್ಲೂ ತಬ್ಬಿ ಎತ್ತಿ ಹಿಡಿದ. "ಇವನು! ಇವನೇ ಹಾರ್ಲನ್ ಜೂನಿಯರ್! ಅವರು ನನ್ನ ಮಾವ! ಅವರನ್ನು ನಾನು ಕೊಂಡಿಲ್ಲ. ಮದುವೆಯಲ್ಲಿ ಬಂದದ್ದು!"

ಸಭೆಯಲ್ಲಿ ಮೊದಲು ಒಬ್ಬರು ನಕ್ಕರು. ಆಮೇಲೆ ಕೆಂಪು ಸ್ವೆಟರಿನವರು ನಕ್ಕರು. ಆಮೇಲೆ ಯಾರು ನಗುತ್ತಿಲ್ಲ ಎಂದು ಹುಡುಕಬೇಕಾಯಿತು. ರಾಯರು ಮತ್ತು ಅಧಿಕಾರಿಣಿ ಇಬ್ಬರೇ. ಮಿಸೆಸ್ ಅಬರ್ನಾಥಿ ಕಣ್ಣೊರೆಸಿಕೊಂಡು, "ಅದೆಲ್ಲ ಇರಲಿ. ಈಗ ಭಾಷಣ ಯಾರು ಮಾಡುತ್ತಾರೆ?" ಎಂದು ಕೇಳಿದರು.

ವ್ಯಾಸರಾಜನಿಗೆ ಆಗ ಎಲ್ಲವೂ ಅರ್ಥವಾಯಿತು. ಮಾವ ಇಡೀ ಮೈ ತಿರುಗಿಸಿ ಅವನನ್ನೇ ನೋಡುತ್ತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಮೂರು ಪುಟ ಇತ್ತಲ್ಲ, ಧೈರ್ಯ ಮಾಡಿ ನಿಂತ. ಹೆಡ್‌ಫೋನಿನ ಕಥೆ ಹೇಳಿದ, ಪಾತ್ರೆಯ ಕಥೆ ಹೇಳಿದ, ತುತ್ತೂರಿಗೆ ಬಂದ. ಐದು ನಿಮಿಷಕ್ಕೆ ಸಾವಿರದ ಒಂಬೈನೂರ ಇಪ್ಪತ್ನಾಲ್ಕು ಮುಗಿಯಿತು. ಅಲ್ಲಿ ಕಾಫಿ ಇರಲಿಲ್ಲ.

"ಮುಂದೆ ತುತ್ತೂರಿ ಯಾಕೆ ಮರೆಯಾಯಿತು?" ಎಂದು ಯಾರೋ ಕೇಳಿದರು. "ಕಾಗದದ ಕೋನು ಬಂದು ಏನು ಬದಲಾಯಿತು?"

ವ್ಯಾಸರಾಜ ತುತ್ತೂರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ತುತ್ತೂರಿ... ಜಾಗ ಜಾಸ್ತಿ ಹಿಡಿಯುತ್ತದೆ" ಎಂದ. ಅದು ಪದ್ಮಜಾಳ ಅಭಿಪ್ರಾಯ. ಯಾರೂ ತಲೆಯಾಡಿಸಲಿಲ್ಲ. ಅವನು ತುತ್ತೂರಿಯನ್ನು ಮೇಜಿನ ಮೇಲಿಟ್ಟ.

"ನೋಡಿ, ನನಗೆ ಗೊತ್ತಿಲ್ಲ. ನಾನು ಇಂಜಿನಿಯರಲ್ಲ. ಪರ್ಚೇಸ್ ವಿಭಾಗದವನು. ಬಿ.ಕಾಂ. ಪುಸ್ತಕದಲ್ಲಿ ಮೂರು ಪುಟ ಓದಿದ್ದೆ. ಇದು ಮಾತನ್ನೂ ಆಡುವುದಿಲ್ಲ, ಬರೀ ನೋಡುವುದಕ್ಕೆ."

"ಯಾರು ಹೇಳಿದ್ದು?" ಎಂದು ಕನ್ನಡದಲ್ಲಿ ದನಿ ಬಂತು.

ರಾಯರು ಎದ್ದಿದ್ದರು. "ಗುರುವಾರ ನೀವು ಆಫೀಸಿಗೆ ಹೋದ್ಮೇಲೆ ಬಿಚ್ಚಿ ನೋಡ್ದೆ. ಒಳಗಿನ ತಗಡು ತುಕ್ಕು ಹಿಡಿದು ಅಯಸ್ಕಾಂತಕ್ಕೆ ಅಂಟ್ಕೊಂಡಿತ್ತು, ಅಷ್ಟೆ. ಪದ್ಮಿ ಹತ್ರ ಒಂದು ಲಕೋಟೆ ಇಸ್ಕೊಂಡು, ಬಳೆ ಥರ ಕತ್ತರಿಸಿ ಅಂಟದ ಹಾಗೆ ತಗಡಿನ ಕೆಳಗೆ ಕೊಟ್ಟಿದೀನಿ. ಟಾರ್ಚಿನ ಸೆಲ್ಲು ಮುಟ್ಟಿಸಿದರೆ ಟಕ್ ಅಂತ ಹೇಳ್ತು. ಜೀವ ಇದೆ. ಎಲ್ಲಿ, ಆ ರೇಡಿಯೊದ ತಂತಿ ಕೊಡಿ."

ಸಂಘದವರ ಹಳೆಯ ರೇಡಿಯೊ ಒಂದು ವೇದಿಕೆಯ ಮೂಲೆಯಲ್ಲಿತ್ತು. ರಾಯರು ತಂತಿ ಸಿಕ್ಕಿಸಿ, ತುತ್ತೂರಿಯ ಬುಡದ ತಿರುಪನ್ನು ಕಾಲು ಸುತ್ತು ತಿರುಗಿಸಿದರು. ಏನೂ ಇಲ್ಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರು. ಮೊದಲು ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಆಮೇಲೆ, ನೆಗಡಿ ಬಂದವರು ಬಾವಿಯೊಳಗಿಂದ ಕೂಗಿದ ಹಾಗೆ, ಒಂದು ಗಂಡಸಿನ ದನಿ. ಬೇಸ್‌ಬಾಲ್ ಪಂದ್ಯದ ವಿವರಣೆ. ಯಾರೋ ಚೆಂಡನ್ನು ಬಲವಾಗಿ ಹೊಡೆದಿದ್ದರು. ತುತ್ತೂರಿಯೊಳಗಿನ ಜನ ಹೋ ಎಂದರು, ಸಭಾಂಗಣದ ಜನವೂ ಎದ್ದು ನಿಂತು ಹೋ ಎಂದರು.

ಆಮೇಲೆ ನಡೆದದ್ದು ಉಪನ್ಯಾಸ. ರಾಯರು ಕನ್ನಡದಲ್ಲಿ ಹೇಳಿದರು, ವ್ಯಾಸರಾಜ ಇಂಗ್ಲಿಷಿನಲ್ಲಿ ಹೇಳಿದ. "ಈ ತಗಡಿನ ಪಾಡು ಅಳಿಯನ ಪಾಡಿನ ಹಾಗೆ" ಎಂದರು ರಾಯರು, ಅಳಿಯನಿಗೆ ಮುಜುಗರವಾಗಬಹುದೆಂಬ ಯೋಚನೆಯೇ ಇಲ್ಲದೆ. "ಅಯಸ್ಕಾಂತಕ್ಕೆ ತೀರ ಹತ್ತಿರ ಬಂದರೆ ಅಂಟಿಕೊಂಡುಬಿಡುತ್ತೆ. ತೀರ ದೂರ ಇಟ್ಟರೆ ಬಾಯೇ ಬಿಡೋಲ್ಲ." ವ್ಯಾಸರಾಜ ಒಂದಕ್ಷರ ಬಿಡದೆ ಅನುವಾದ ಮಾಡಿದ. ಸಭೆ ನಕ್ಕಿತು.

"ಯಾಕೆ ನಗ್ತಾರೆ?"

"ನಿಮ್ಮ ಟೆಕ್ನಿಕಲ್ ಪಾಯಿಂಟು ಅರ್ಥವಾಯ್ತು ಮಾವ."

ತುತ್ತೂರಿ ತನಗೆ ಇಷ್ಟವಾದ ಸ್ವರವನ್ನು ಮಾತ್ರ ಜೋರಾಗಿ ಹೇಳುತ್ತದೆ, ಮಿಕ್ಕದ್ದನ್ನು ನುಂಗುತ್ತದೆ ಎಂದರು ರಾಯರು. ಅದರಲ್ಲಿ ಮೃದಂಗ ಕೇಳಿದರೆ ತಗಡಿನ ಡಬ್ಬ ಬಡಿದಂತೆ. ಕೈಯಲ್ಲಿದ್ದ ಕರಪತ್ರವನ್ನು ಶೆಂಗಾದ ಪೊಟ್ಟಣದಂತೆ ಸುತ್ತಿ ಮೇಲೆತ್ತಿದರು. ಆಮೇಲೆ ಬಂದ ಕಾಗದದ ಕೋನಿಗೆ ತುತ್ತೂರಿಯ ಹಂಗಿಲ್ಲ. ತಾನೇ ಅಲುಗಿ ಗಾಳಿಯನ್ನು ತಳ್ಳುತ್ತದೆ. ಅದರ ತುದಿಗೆ ತಂತಿಯ ಸುರುಳಿ ಅಂಟಿಸಿ ಅಯಸ್ಕಾಂತದ ಸಂದಿಯಲ್ಲಿ ತೂಗುಬಿಟ್ಟ ಮೇಲೆ ಅಂಟಿಕೊಳ್ಳುವ ಭಯವೂ ಹೋಯಿತು, ಮೃದಂಗ ಮೃದಂಗವಾಯಿತು. ಕೌಂಟಿಯ ಅಧಿಕಾರಿಣಿ ಅದೇ ಪೆನ್ನಿನಲ್ಲಿ ಎಲ್ಲವನ್ನೂ ಬರೆದುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಜನ ರಾಯರ ಕೈ ಕುಲುಕಿದರು. ವ್ಯಾಸರಾಜ ತಂತಿ ಸುತ್ತಿಕೊಂಡು, ಆದಷ್ಟು ಬೇಗ ಕಾರು ಸೇರಿದರೆ ಸಾಕೆಂದು ಬಾಗಿಲ ಕಡೆ ಹೊರಟ. ಕೆಂಪು ಸ್ವೆಟರಿನವರು ಅಡ್ಡ ಬಂದರು.

"ನೀವು ಪರ್ಚೇಸಿಂಗ್ ಅಂದಿರಲ್ಲ, ನಿಜವೇ?"

"ನಿಜ" ಎಂದ ವ್ಯಾಸರಾಜ, ಅಪರಾಧ ಒಪ್ಪಿಕೊಳ್ಳುವವನಂತೆ.

"ಬಟ್ಟೆ ಸುತ್ತಿದ ವೈರು ಸಿಗುತ್ತದೆಯೇ? ಎರಡು ವರ್ಷದಿಂದ ಹುಡುಕುತ್ತಿದ್ದೇನೆ."

"ದಪ್ಪ ಎಷ್ಟು ಗೇಜು? ನೂರಡಿಗಿಂತ ಕಡಿಮೆ ಕೊಡುವುದಿಲ್ಲ. ಫ್ರೀಮಾಂಟಿನಲ್ಲಿ ಒಬ್ಬನಿದ್ದಾನೆ, ಸೋಮವಾರ ಕೇಳುತ್ತೇನೆ" ಎಂದು ವ್ಯಾಸರಾಜ ಯೋಚಿಸದೆಯೇ ಹೇಳಿದ.

ಮುದುಕರು ಹಿಂದೆ ತಿರುಗಿ ಕೂಗಿದರು: "ವೈರು ಸಿಗುತ್ತದಂತೆ!"

ಎರಡು ನಿಮಿಷದಲ್ಲಿ ವ್ಯಾಸರಾಜನ ಸುತ್ತ ಗೋಡೆಯಂತೆ ಜನ. ಅಲ್ಲಿದ್ದವರು ಬಹುಪಾಲು ನಿವೃತ್ತ ಇಂಜಿನಿಯರುಗಳು; ಯಾವ ರೇಡಿಯೊ ಬೇಕಾದರೂ ರಿಪೇರಿ ಮಾಡಬಲ್ಲವರು. ಅವರಿಗೆ ಗೊತ್ತಿಲ್ಲದ್ದು ಒಂದೇ, ಬೇಕಾದ ಸಾಮಾನನ್ನು ಯಾರಿಂದ, ಹೇಗೆ ಹೊರಡಿಸಬೇಕು ಎಂಬುದು. ಒಬ್ಬರಿಗೆ ಕೆಪಾಸಿಟರ್ ಬೇಕು, ಒಬ್ಬರಿಗೆ ಹಿತ್ತಾಳೆಯ ಸ್ಕ್ರೂ, ಮಿಸೆಸ್ ಅಬರ್ನಾಥಿಗೆ ತೊಂಬತ್ತು ವೋಲ್ಟಿನ ಬ್ಯಾಟರಿ. ವ್ಯಾಸರಾಜ ಕರಪತ್ರಗಳ ಹಿಂಭಾಗದಲ್ಲಿ ಬರೆದುಕೊಂಡ. ಯಾವುದು ಸಿಗುತ್ತದೆ, ಯಾವುದಕ್ಕೆ ಆರು ವಾರ, ಯಾವುದನ್ನು ಮರೆತುಬಿಡಬೇಕು ಎಂದು ಮುಖ ನೋಡಿ ಹೇಳಿದ. ಆ ಮುಕ್ಕಾಲು ಗಂಟೆ ರಾಯರು ಕಾರಿನ ಪಕ್ಕದಲ್ಲಿ ತುತ್ತೂರಿ ಹಿಡಿದು ನಿಂತು, ತೆರೆದ ಬಾಗಿಲಿನಿಂದ ಎಲ್ಲವನ್ನೂ ನೋಡಿದರು.

ಕಾರು ಫ್ರೀವೇಗೆ ಬಂತು.

"ಏನಂತೆ ಅವರೆಲ್ಲ?" ಎಂದರು ರಾಯರು.

"ಏನಿಲ್ಲ ಮಾವ. ಸಾಮಾನು ಬೇಕಂತೆ."

ರಾಯರು ಸೀಟಿನಲ್ಲೇ ಇಡೀ ಮೈ ತಿರುಗಿಸಿ ಅಳಿಯನನ್ನು ನೋಡಿದರು. "ನಮ್ಮ ಸ್ಟೇಷನ್ನಿನಲ್ಲಿ ಸ್ಟೋರ್ಸಿಗೆ ನಂಜುಂಡಸ್ವಾಮಿ ಅಂತ ಇದ್ದ. ನಿಮ್ಮ ಹಾಗೇ ಬಿ.ಕಾಂ. ಟೆಕ್ನಿಷಿಯನ್ನುಗಳು ನಾವು ಎಂಟು ಜನ ಕತ್ತೆ ದುಡಿದ ಹಾಗೆ ದುಡೀತಿದ್ವಿ, ಹೆಸರು ನಮ್ಮದೇ. ಆದರೆ ಅವನು ನಾಲ್ಕು ದಿನ ರಜ ಹಾಕಿದ ಅನ್ನಿ, ವಾಲ್ವು ಬರ್ತಿರಲಿಲ್ಲ, ಫ್ಯೂಸು ಬರ್ತಿರಲಿಲ್ಲ, ಮೈಸೂರಿಗೆ ಮೈಸೂರೇ ಮೂಕ ಆಗ್ತಿತ್ತು."

"ನೀವು ಇಂಜಿನಿಯರ್ ಅಲ್ವೇ ಮಾವ? ಟೆಕ್ನಿಷಿಯನ್ನು ಅಂದ್ರಿ."

ರಾಯರು ಮೆಲ್ಲನೆ ಮೈಯನ್ನು ಮುಂದಕ್ಕೆ ತಿರುಗಿಸಿಕೊಂಡರು. ಕಿಟಕಿಯಾಚೆ ಕೊಲ್ಲಿಯ ನೀರು ಸ್ವಲ್ಪ ಹೊತ್ತು ಜೊತೆಗೆ ಬಂದು ಹಿಂದೆ ಉಳಿಯಿತು.

"ಇಂಜಿನಿಯರು ಅಂತ ಮೈಸೂರಿನಲ್ಲಿ ಹೇಳ್ಕೊಂಡಿದೀನಿ" ಎಂದರು. "ಪದ್ಮಿಗೂ ಗೊತ್ತಿಲ್ಲ. ನೀವು ಹೇಳೋಕೆ ಹೋಗ್ಬೇಡಿ."

ವ್ಯಾಸರಾಜ ಹೇಳುವುದಿಲ್ಲ ಎಂದ. ಹಾಗೆನ್ನುವ ಸಂಭ್ರಮದಲ್ಲಿ ಮಿಲ್ಪಿಟಾಸಿಗೆ ತಿರುಗುವ ಎಕ್ಸಿಟ್ಟನ್ನು ದಾಟಿ ಸ್ಯಾನ್ ಹೋಸೆಯವರೆಗೂ ಹೋಗಿಬಿಟ್ಟ. ರಾಯರಿಗೆ ಅದು ತಿಳಿಯಿತು. ಆದರೆ ಅಳಿಯ ಕಾರು ಓಡಿಸುವ ಬಗ್ಗೆ ಆ ದಿನ ಅವರು ಏನೂ ಅನ್ನಲಿಲ್ಲ.